ತವರಬಳೆ ತೆಗೆದ ಮೇಲೆ

ಗಾಳಿಯೂರು, ಕಪ್ಪತಗುಡ್ಡದ ಕೆಳಸೆರಗು
ಫೆಬ್ರವರಿ ಮೂವತ್ತು, ೨೨೧೭

ನಮಗಿಂತ ಮೊದಲು ಹೊತ್ತು ನಡೆದ ಅಕ್ಕಂದಿರೇ,

ತಾರೀಖು ತಪ್ಪಿ ಬಿದ್ದಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಒಟ್ಟುಮಾಡಿ ಊರೆಲ್ಲ ನಿದ್ದೆ ಮಾಡುತ್ತದೆ. ಆ ದಿನಗಳಲ್ಲೂ ನನ್ನ ಬಾಗಿಲು ತಟ್ಟುವವರಿದ್ದಾರೆ, ಅದು ಬೇರೆ ಮಾತು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಮ್ಮ ಕೆಲವು ಪದಗಳು ನಿಮ್ಮಲ್ಲಿ ಇರಲೇ ಇಲ್ಲ, ಯಾಕೆಂದರೆ ಆ ವಿಷಯಗಳನ್ನು ನೀವು ಬಾಯಿಬಿಟ್ಟು ಆಡುತ್ತಲೇ ಇರಲಿಲ್ಲವಂತೆ. ಅಂಥ ಪದ ಬಂದಾಗ ಬಿಡಿಸಿ ಹೇಳುತ್ತೇನೆ.

ಈ ಕಾಗದವನ್ನು ಹಿಂದಂಚೆಗೆ ಹಾಕುತ್ತೇನೆ. ಆಗಿಹೋದ ಕಾಲದವರಿಗೆ ಬರೆಯುವ ಅಂಚೆ ಅದು. ಅದು ನಿಮಗೆ ಹೇಗೆ ಮುಟ್ಟುತ್ತದೆ ಎಂದು ಕೇಳಿದರೆ ಅಂಚೆಯವರೇ ತಲೆ ಕೆರೆದುಕೊಳ್ಳುತ್ತಾರೆ. ನನ್ನ ಹೆಸರು ಸಕ್ರೆವ್ವ. ವಯಸ್ಸು ಅರವತ್ತು ದಾಟಿದೆ, ಕಣ್ಣು ಮಂಜಾಗಿದೆ, ಕೈ ಮಾತ್ರ ಇನ್ನೂ ನಡುಗುವುದಿಲ್ಲ. ಬಳೆಮನೆಯಲ್ಲಿ ಬಳೆ ಕೂರಿಸುವುದು ನನ್ನ ಕೆಲಸ; ಕೈಬಳೆಯಲ್ಲ, ಎಂಥದೆಂದು ಮುಂದೆ ಹೇಳುತ್ತೇನೆ. ಈಗಷ್ಟೇ ನನ್ನ ಅಕ್ಕನ ಮಗಳು ಹುಲಿಗೆವ್ವನಿಗೆ ಹೊಸ ಬಳೆ ಕೂರಿಸಿ ಬೀದಿಗೆ ಕಳಿಸಿದ್ದೇನೆ. ಅವಳು ಮರಳಿ ಬರುವವರೆಗೆ ನನಗೆ ಬೇರೆ ಕೆಲಸವಿಲ್ಲ, ಸುಮ್ಮನೆ ಕೂರಲೂ ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಗುಡ್ಡದ ಮೇಲೆ ನಿಮ್ಮ ಕಾಲದಲ್ಲೇ ಗಾಳಿಯಂತ್ರಗಳಿದ್ದವಂತೆ. ಈಗ ಗುಡ್ಡ ಕಾಣುವುದೇ ಇಲ್ಲ, ಯಂತ್ರಗಳೇ ಕಾಣುತ್ತವೆ. ಯಂತ್ರದ ಕೊರಳು ಇಕ್ಕಟ್ಟು. ಅದರೊಳಗೆ ತೂರಿ ಬೋಲ್ಟು ಬಿಗಿಯಲು, ಗ್ರೀಸು ತುಂಬಲು ಸಣ್ಣ ಮೈಯವರೇ ಬೇಕೆಂದು ಎಂದೋ ಯಾರೋ ತೀರ್ಮಾನಿಸಿದರು, ಅಂದಿನಿಂದ ಅದು ಹೆಂಗಸರ ಪಾಲಿಗೆ ಬಂತು. ಅವರನ್ನು ನಾವು ಮೇಲಿನವರು ಎನ್ನುತ್ತೇವೆ. ಗಂಡಸರು ಕೆಳಗೆ ಹಗ್ಗ ಹೊಸೆಯುತ್ತಾರೆ, ರೊಟ್ಟಿ ಬಡಿಯುತ್ತಾರೆ, ಮಕ್ಕಳ ಮೂಗು ಒರೆಸುತ್ತಾರೆ, ಗಾಳಿ ಸರಿಯಿಲ್ಲವೆಂದು ಗೊಣಗುತ್ತಾರೆ. ಬೆಳಿಗ್ಗೆ ಬೆನ್ನಿಗೆ ಕಬ್ಬಿಣದ ಚೀಲ ಕಟ್ಟಿಕೊಂಡು ಏಣಿ ಹತ್ತಿದ ಹೆಂಗಸು ಇಳಿಯುವುದು ಸಂಜೆಗೆ. ಹೆತ್ತ ಮೈ ಗಟ್ಟಿಯಾಗುವ ಮೊದಲೇ ಹತ್ತುವವರೂ ಇದ್ದಾರೆ. ಹೀಗಾಗಿ ನಡುವಯಸ್ಸಿನ ಹೊತ್ತಿಗೆ ಗರ್ಭಕೋಶ ಕೆಳಗೆ ಜಾರುತ್ತದೆ. ನಿಂತರೆ ಏನೋ ಕಳಚಿ ಬೀಳುವಂತಾಗುತ್ತದೆ, ಕೆಮ್ಮಿದರೆ ಉಚ್ಚೆ ತಡೆಯುವುದಿಲ್ಲ, ಸೊಂಟ ಸೆಳೆಯುತ್ತದೆ. ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ನೀವು ಕೊಡ ಹೊತ್ತಿರಿ, ಕಟ್ಟಿಗೆ ಹೊತ್ತಿರಿ, ಸಿಮೆಂಟು ಹೊತ್ತಿರಿ. ನಾವು ಕಬ್ಬಿಣ ಹೊರುತ್ತೇವೆ.

ಜಾರಿದ್ದನ್ನು ಎತ್ತಿ ಹಿಡಿಯಲು ಒಳಗೆ ಕೂರಿಸುವ ಮೆತ್ತನೆಯ ಉಂಗುರವೇ ಆಸರೆಬಳೆ. ನಿಮ್ಮ ಡಾಕ್ಟರುಗಳು ಅದನ್ನು ಪೆಸರಿ ಎನ್ನುತ್ತಿದ್ದರು. ಮುಟ್ಟಿನಲ್ಲಿ ರಕ್ತ ವಿಪರೀತ ಹೋಗುವವರಿಗೆ ಗರ್ಭಕೋಶದೊಳಗೇ ಇಡುವ ಸಣ್ಣ ಕಡ್ಡಿ ಬೇರೆ. ವರ್ಷಗಟ್ಟಲೆ ಚೂರುಚೂರೇ ಹಾರ್ಮೋನು ಬಿಟ್ಟು ರಕ್ತವನ್ನು ತಗ್ಗಿಸುತ್ತದೆ. ನೀವು ಅದನ್ನು ಕಾಯಿಲ್ ಎಂದಿರಿ, ನಾವು ತಂಪುಕಡ್ಡಿ ಎನ್ನುತ್ತೇವೆ. ಕಡ್ಡಿ ಹಾಕುವಾಗ ಹೊಟ್ಟೆ ಕಿವುಚುತ್ತದೆ, ಮೊದಲ ಕೆಲವು ತಿಂಗಳು ಹನಿಹನಿ ರಕ್ತ ಕಾಣುತ್ತದೆ; ಅಷ್ಟರಲ್ಲೇ ತೆಗೆದುಬಿಡು ಎಂದು ಓಡಿಬರುತ್ತಾರೆ. ಸ್ವಲ್ಪ ತಾಳು ತಾಯಿ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ.

ಬಳೆ ಕೂರಿಸಿದ ಮೇಲೆ ಯಾರನ್ನೂ ನೇರ ಮನೆಗೆ ಕಳಿಸುವುದಿಲ್ಲ. ಮಲಗಿದಾಗ ಸರಿಯೆನಿಸಿದ ಬಳೆ ಎದ್ದು ನಡೆದಾಗ ಜಾರೀತು, ಒತ್ತೀತು. ಹಾಗಾಗಿ ಅವಳು ಪೇಟೆಬೀದಿಯ ಆ ಕೊನೆಯವರೆಗೆ ಹೋಗಿ ಬರಬೇಕು. ಇದಕ್ಕೆ ನಡೆನೋಟ ಎನ್ನುತ್ತೇವೆ. ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂರಬೇಕು, ಅಭ್ಯಾಸದ ಏಣಿ ಹತ್ತಿಳಿಯಬೇಕು, ಉಚ್ಚೆ ಸಲೀಸಾಗಿ ಹೋಗುತ್ತದೋ ನೋಡಬೇಕು, ಕೆಮ್ಮಬೇಕು, ನಗಬೇಕು. ಸೊಂಟಕ್ಕೆ ಹಳದಿ ಪಟ್ಟಿ ಕಟ್ಟಿಕೊಂಡು ಹೊರಟವಳನ್ನು ಕಂಡರೆ ಬೀದಿಗೆ ಬೀದಿಯೇ ನೆರವಿಗೆ ನಿಲ್ಲುತ್ತದೆ. ಚುರುಮುರಿಯವಳು ಬೇಕೆಂದೇ ಖಾರ ಜಾಸ್ತಿ ಹಾಕಿ ಕೆಮ್ಮಿಸುತ್ತಾಳೆ. ಹೋಟೆಲಿನ ಮಾಬುಸಾಬ ಹಳೇ ಜೋಕನ್ನೇ ಹೇಳಿ ನಗಿಸಲು ನೋಡುತ್ತಾನೆ. ಅವನ ಜೋಕಿಗೆ ಯಾರೂ ನಗುವುದಿಲ್ಲ, ಅವನು ಪಡುವ ಪಾಡಿಗೆ ನಗುತ್ತಾರೆ. ಬಳೆ ಜಾರಿದರೆ ಅಲ್ಲಿಂದಲೇ ತಿರುಗಿ ಬರುತ್ತಾಳೆ, ನಾನು ಬೇರೆ ಅಳತೆಯದು ಕೂರಿಸುತ್ತೇನೆ. ಇದರಲ್ಲಿ ಯಾರಿಗೂ ನಾಚಿಕೆಯಿಲ್ಲ.

ಇಷ್ಟೆಲ್ಲ ಬಾಯಿ ಬಂದ ನಮಗೂ ಒಂದು ವಿಷಯದಲ್ಲಿ ಬಾಯಿ ಕಟ್ಟುತ್ತದೆ. ನನ್ನ ಅಜ್ಜಿಯ ಕಾಲದಲ್ಲಿ ಎಲ್ಲಿಂದಲೂ ಏನೂ ಬರದೆ ಹೋದ ವರ್ಷಗಳಿದ್ದವು. ಹಡಗಿಲ್ಲ, ಲಾರಿಯಿಲ್ಲ, ಔಷಧಿಯಿಲ್ಲ. ಅದನ್ನು ಬಂದ್‌ಕಾಲ ಎನ್ನುತ್ತೇವೆ. ಆಗ ಹೊಸ ಬಳೆ ಎಲ್ಲಿಂದ ತರುವುದು? ತಾಯಿ ಸತ್ತರೆ ಅವಳ ಬಳೆಯನ್ನು ಉಪ್ಪುನೀರಿನಲ್ಲಿ ಕುದಿಸಿ ಮಗಳಿಗೆ ಕೂರಿಸಿದರು. ಗತಿಯಿಲ್ಲದೆ ಮಾಡಿದ್ದು ಅದು. ಬಂದ್‌ಕಾಲ ಮುಗಿಯಿತು, ಈಗ ನಮ್ಮ ಕಾರ್ಖಾನೆಯಲ್ಲೇ ಬೇಕಾದ ಅಳತೆಯ ಬಳೆ ಮಾಡುತ್ತಾರೆ. ಆದರೆ ತಾಯಿಯ ಬಳೆ ಅಷ್ಟರಲ್ಲಿ ತವರಬಳೆಯಾಗಿಬಿಟ್ಟಿತ್ತು. ಅದನ್ನು ಆರತಿ ಮಾಡಿ ಕೊಡುತ್ತಾರೆ. ಕೂರಿಸಿಕೊಂಡವಳು ತೆಗೆಯಬಾರದು, ತೆಗೆದರೆ ತಾಯಿಯನ್ನು ಕೈಬಿಟ್ಟಂತೆ. ನೋಯುತ್ತದೆ ಎಂದರೆ ತಾಯಿ ಸರಿಯಿರಲಿಲ್ಲ ಎಂದಂತೆ. ತಾಯಿಯ ಮೈಯ ಅಳತೆ ಮಗಳಿಗೆ ಬರಬೇಕೆಂದು ಯಾವ ದೇವರು ಹೇಳಿದ್ದನೋ ನನಗೆ ತಿಳಿಯದು. ಬಳೆಯನ್ನು ಆಗಾಗ ತೆಗೆದು ತೊಳೆದು ಒಳಗಿನ ಚರ್ಮ ನೋಡಬೇಕು, ಬಳೆಗೂ ಮೈಯ ಒಳಗೋಡೆಗೂ ನಡುವೆ ಒಂದು ಬೆರಳು ಆಡಬೇಕು. ಇದನ್ನು ನಾನು ಮದುವೆ ಮನೆಯಲ್ಲಿ ಹೇಳಿದ್ದೇನೆ, ಸಾವಿನ ಮನೆಯಲ್ಲೂ ಹೇಳಿದ್ದೇನೆ. ಹೂಂ ಎನ್ನುತ್ತಾರೆ, ಎದ್ದು ಹೋಗುತ್ತಾರೆ.

ನನ್ನ ಅಕ್ಕ ಬಾಳವ್ವ ತೀರಿಕೊಂಡು ಮೂರು ವರ್ಷವಾಯಿತು. ಅವಳ ಬಳೆ ಹುಲಿಗೆವ್ವನಿಗೆ ಬಂತು. ಅಕ್ಕ ಎತ್ತರದ ಆಳು, ಅಗಲ ಸೊಂಟ. ಹುಲಿಗೆವ್ವ ತಂದೆಯ ಕಡೆಯ ಹಾಗೆ ಕಡ್ಡಿ. ಆ ಬಳೆ ಅವಳಿಗೆ ದೊಡ್ಡದಾಗುತ್ತದೆಂದು ನೋಡಿದರೇ ಗೊತ್ತಾಗುತ್ತಿತ್ತು. ನಾನು ಕೂರಿಸುವುದಿಲ್ಲ ಎಂದೆ. ಅವಳು ಕೆಳಗೇರಿಯ ಬಳೆಮನೆಗೆ ಹೋಗಿ ಕೂರಿಸಿಕೊಂಡಳು, ಹಬ್ಬಕ್ಕೂ ನನ್ನ ಮನೆಗೆ ಬರುವುದನ್ನು ಬಿಟ್ಟಳು.

ಕಳೆದ ತಿಂಗಳು ತಾನಾಗಿ ಬಂದಳು. ಮುಖ ಬೂದಿಬಣ್ಣ. ಮುಟ್ಟಿಲ್ಲದ ದಿನಗಳಲ್ಲೂ ರಕ್ತ ಕಾಣುತ್ತಿದೆ, ಜೊತೆಯವರೆಲ್ಲ ಹಾಕಿಸಿಕೊಂಡಿದ್ದಾರೆ, ನನಗೂ ಒಂದು ತಂಪುಕಡ್ಡಿ ಹಾಕಿಬಿಡು ಎಂದಳು. ರಕ್ತ ಎಲ್ಲಿಂದ ಬರುತ್ತಿದೆ ಎಂದು ನೋಡದೆ ಕಡ್ಡಿ ಹಾಕುವ ಪೈಕಿ ನಾನಲ್ಲ. ಮಲಗಿಸಿ ನೋಡಿದೆ. ವಾಸನೆಯೇ ಅರ್ಧ ಹೇಳಿತು. ಬಳೆ ಒತ್ತಿ ಒತ್ತಿ ಒಳಗೋಡೆ ಹುಣ್ಣಾಗಿತ್ತು, ಬಳೆಯ ಅಂಚು ಹುಣ್ಣಿನೊಳಗೇ ಕೂತಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಗೋಡೆ ತೂತಾಗಿ ಉಚ್ಚೆ ಹಗಲೂ ರಾತ್ರಿ ಸೋರುತ್ತಿತ್ತು. ಅಂಥವರನ್ನು ನಾನು ಕಂಡಿದ್ದೇನೆ. ಅವರು ಏಣಿ ಹತ್ತುವುದಿರಲಿ, ನಾಲ್ಕು ಜನರ ನಡುವೆ ಕೂರುವುದನ್ನೂ ಬಿಡುತ್ತಾರೆ.

ಬಳೆ ತೆಗೆಯಬೇಕು ಎಂದೆ. ಅವಳು ಮೊಣಕಾಲು ಜೋಡಿಸಿಕೊಂಡು ಎದ್ದು ಕೂತಳು. "ಕಡ್ಡಿ ಹಾಕೂದಿದ್ರ ಹಾಕು. ಬಳಿ ಮುಟ್ಟಬ್ಯಾಡ. ಅದನ್ನ ತಗದ್ರ ಅವ್ವ ಅಂತ ನನ್ನ ಕಡೆ ಏನ ಉಳೀತದ ಚಿಗವ್ವ?"

ಬುದ್ಧಿ ಹೇಳಿದೆ, ಬೈದೆ, ಕೈಮುಗಿದೆ. ಯಾವುದೂ ನಾಟಲಿಲ್ಲ. ನನಗೂ ಸಾಕುಸಾಕಾಗಿತ್ತು. ಇಷ್ಟು ವರ್ಷ ಇದೇ ಹಾಡು, ಬಾಗಿಲಿಗೆ ಬರುವ ಮುಖ ಮಾತ್ರ ಬೇರೆ. ಆ ಸಿಟ್ಟಿನಲ್ಲಿ, ಹೇಳಬಾರದೆಂದು ಇಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು. "ನಿಮ್ಮವ್ವಗೂ ಅದು ಹೊಂದಿದ್ದಿಲ್ಲ. ಅದು ನಮ್ಮವ್ವನ ಬಳಿ. ಆಕಿ ಯಾಕ ಯಾವಾಗ್ಲೂ ಒಂದ ಮಗ್ಗಲಾಗಿ ಕೂಡ್ತಿದ್ಲು ಅಂತ ಒಂದ ದಿನಾನಾದ್ರೂ ಕೇಳೀಯೇನ?"

ಅವಳ ತಾಯಿ ಮುಂದೆ ಬಾಗಿ, ಎಡಗೈ ಊರಿ, ಒಂದು ಮಗ್ಗುಲಿಗೆ ಕೂರುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ಅದು ಬಾಳವ್ವನ ಠೀವಿ ಎಂದುಕೊಂಡಿದ್ದರು. ಅದರ ಮಾದರಿಯಲ್ಲೇ ಕೂರುವ ಹುಡುಗಿಯರೂ ಇದ್ದರು. ನೋವೆಂದು ಅಕ್ಕ ನನ್ನೊಬ್ಬಳಿಗೆ ಹೇಳಿದ್ದಳು, ಅದೂ ಕೊನೆಯ ವರ್ಷ, ಮುಟ್ಟಲು ಬಿಡದೆ. ಮಗಳಿಗೆ ಯಾಕೆ ಹೇಳಲಿಲ್ಲ ಎಂದು ನಾನು ಇವತ್ತಿಗೂ ಅವಳ ಮೇಲೆ ಸಿಟ್ಟಾಗಿದ್ದೇನೆ. ಸತ್ತವರ ಮೇಲಿನ ಸಿಟ್ಟು ಬಹಳ ದಣಿಸುತ್ತದೆ.

ಕೊನೆಗೆ ಹುಲಿಗೆವ್ವ ತಾನೇ ಮಲಗಿದಳು, ಕಣ್ಣಿನ ಮೇಲೆ ಮೊಳಕೈ ಅಡ್ಡ ಇಟ್ಟುಕೊಂಡಳು. ನಾನು ಬಳೆ ತೆಗೆದೆ. ಹುಣ್ಣು ಮಾಯುವವರೆಗೆ ಬಳೆಯೂ ಇಲ್ಲ, ಏಣಿಯೂ ಇಲ್ಲ ಎಂದು ನನ್ನ ಮನೆಯಲ್ಲೇ ಇರಿಸಿಕೊಂಡೆ. ಮುಲಾಮು ಹಚ್ಚಿಸಿಕೊಂಡಳು, ಉಂಡಳು, ಮಲಗಿದಳು. ನನ್ನೊಡನೆ ಮಾತು ಅಷ್ಟಕ್ಕಷ್ಟೇ. ಹುಣ್ಣು ಒಣಗಿತು, ರಕ್ತವೂ ನಿಂತಿತು. ಕಡ್ಡಿಯ ಗರಜೇ ಇರಲಿಲ್ಲ ಅವಳಿಗೆ. ಇವತ್ತು ಅವಳ ಮೈಯನ್ನೇ ಅಳೆದು ಎರಡು ಅಳತೆ ಸಣ್ಣ ಬಳೆ ಕೂರಿಸಿದೆ. ಹಳದಿ ಪಟ್ಟಿ ಕಟ್ಟುವಾಗ ಒಂದೇ ಮಾತಾಡಿದಳು: "ಇದು ಒಗ್ಗಲಿಲ್ಲಂದ್ರ ಅವ್ವಂದ ಹಾಕ್ಕೊಂಡು ಹೊಕ್ಕೀನಿ. ಅಡ್ಡ ಬರಬ್ಯಾಡ." ನಾನು ಆಯಿತೆಂದೆ. ಬೇರೇನು ಹೇಳಲಿ? ಮೈ ಅವಳದು.

ಬೀದಿ ಇಷ್ಟೊಂದು ಉದ್ದವಿಲ್ಲ. ಈ ಹೊತ್ತಿಗೆ ಬರಬೇಕಿತ್ತು. ಜಾರಿತೋ, ಸಿಟ್ಟಿಗೆ ಕೆಳಗೇರಿಯ ಬಳೆಮನೆಗೇ ಹೋದಳೋ ಎಂದು ಎರಡು ಸಲ ಬಾಗಿಲಿಗೆ ಹೋಗಿ ಬಂದೆ. ಅವಳು ಹೋದರೆ ನಾನು ಹಿಂದೆ ಓಡುವುದಿಲ್ಲ ಎಂದುಕೊಂಡೆ. ಸುಳ್ಳು, ಚಪ್ಪಲಿ ಆಗಲೇ ಮೆಟ್ಟಿಕೊಂಡಿದ್ದೆ. ಇರಿ, ಯಾರೋ ಬಂದರು.

ಮತ್ತೆ ಬರೆಯುತ್ತಿದ್ದೇನೆ. ಬಂದವಳು ಹುಲಿಗೆವ್ವನೇ. ಕೈಯಲ್ಲಿ ಮೆಂತೆಸೊಪ್ಪಿನ ಕಟ್ಟು. ಬಾಡಿದ ಸೊಪ್ಪು ಕೊಟ್ಟಳೆಂದು ಸೊಪ್ಪಿನವಳನ್ನು ಬೈಯುತ್ತಲೇ ಒಳಗೆ ಬಂದಳು, ದಾರಿಯಲ್ಲಿ ಹಳೆಯ ಗೆಳತಿ ಸಿಕ್ಕು ಕಟ್ಟೆಯ ಮೇಲೆ ಹರಟೆ ಹೊಡೆದದ್ದನ್ನು ಹೇಳಿದಳು, ಸೊಪ್ಪು ಸೋಸಲು ನೆಲಕ್ಕೆ ಕೂತಳು. ನೇರವಾಗಿ ಕೂತಳು. ಬಳೆ ಹೇಗಿದೆ ಎಂದು ಕೇಳಿದೆ. ಅವಳ ಕೈ ಅಲ್ಲೇ ನಿಂತಿತು.

"ಮರತೇಬಿಟ್ಟಿದ್ನಲ್ಲ ಚಿಗವ್ವ," ಎಂದಳು.

ಧರಿಸಿದ್ದು ಮರೆತುಹೋಗುವುದೇ ಒಳ್ಳೆಯ ಬಳೆಯ ಗುಣ. ಆ ಮಾತು ಕೇಳಲೆಂದೇ ನಾನು ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ. ನಾನು ನಗಬೇಕೆನ್ನುವಷ್ಟರಲ್ಲಿ ಅವಳ ಮುಖ ಮುದುಡಿತು. "ಬಳಿ ಅಷ್ಟ ಅಲ್ಲ, ಅವ್ವನ್ನೂ ಮರತಿದ್ದೆ. ಮೂರ ವರ್ಷ ಆತು, ಒಂದೊಂದ ಹೆಜ್ಜಿಗೂ ನೆನಪಾಗ್ತಿದ್ಲು. ಇವತ್ತ ಬೀದಿ ತುಂಬ ಅಡ್ಡಾಡಿದ್ರೂ ನೆನಪಾಗಲಿಲ್ಲ." ಸೊಪ್ಪು ಮಡಿಲಲ್ಲಿಟ್ಟುಕೊಂಡೇ ಜೋರಾಗಿ ಅತ್ತಳು. ನಾನೂ ಅತ್ತೆ. ಅವಳಿಂದ ನಾನು ಏನನ್ನು ತೆಗೆದೆನೆಂಬುದು ನನಗೆ ಆಗಲೇ ತಿಳಿದದ್ದು. ತೆಗೆದದ್ದಕ್ಕೆ ಪಶ್ಚಾತ್ತಾಪವಿಲ್ಲ, ಸಂಕಟವಿದೆ.

ಅಕ್ಕಂದಿರೇ, ನಿಮ್ಮಲ್ಲಿ ಕೇಳುವುದು ಇಷ್ಟೇ. ಜಾರಿದ್ದನ್ನು, ಸೋರಿದ್ದನ್ನು, ಹರಿದ ರಕ್ತವನ್ನು ಮಗಳಿಗೆ ಬಾಯಲ್ಲಿ ಹೇಳಿ. ಮದುವೆಯಾದವಳಿಗೂ ಹೇಳಿ, ಆಗದವಳಿಗೂ ಹೇಳಿ, ಡಾಕ್ಟರಿಗಂತೂ ಹೇಳಿಯೇ ಹೇಳಿ. ಜೊತೆಗೆ ಬೇರೆಯದನ್ನೂ ಹೇಳಿ. ನೀವು ಏನು ತಿಂದು ಖುಷಿಪಟ್ಟಿರಿ, ಯಾರೊಡನೆ ಜಗಳವಾಡಿದಿರಿ, ಎಲ್ಲಿ ಬಿದ್ದು ಬಿದ್ದು ನಕ್ಕಿರಿ. ಅದಿಲ್ಲದಿದ್ದರೆ ಪಾಪ, ಆ ಮಕ್ಕಳು ನೋವನ್ನೇ ತಾಯಿ ಎಂದು ಅಪ್ಪಿಕೊಳ್ಳುತ್ತಾರೆ.

ಹುಲಿಗೆವ್ವ ಮೂಗು ಒರೆಸಿಕೊಂಡು, ಬಾಳವ್ವ ಹುಡುಗಿಯಾಗಿದ್ದಾಗ ಹೇಗಿದ್ದಳು ಎಂದು ಕೇಳುತ್ತಿದ್ದಾಳೆ. ಇಷ್ಟು ದಿನ ಯಾರೂ ನನ್ನಲ್ಲಿ ಅದನ್ನು ಕೇಳಿರಲಿಲ್ಲ. ಮೊದಲ ಸಲ ಏಣಿ ಹತ್ತಿದ ದಿನ ಅವಳು ತುದಿಯಲ್ಲಿ ನಿಂತು, ಕೆಳಗಿದ್ದ ಮೇಸ್ತ್ರಿಯ ಬೋಳುತಲೆಗೆ ಹುಣಸೇಬೀಜ ಎಸೆದಿದ್ದಳು. ಅಲ್ಲಿಂದ ಶುರುಮಾಡುತ್ತೇನೆ. ನಿಮಗೆ ಇನ್ನು ಬರೆಯಲು ಪುರುಸೊತ್ತಿಲ್ಲ.

ನಿಮ್ಮ
ಸಕ್ರೆವ್ವ