ಆರನೇ ಪುಟದ ಕಾಡಿಗೆ ಬೊಟ್ಟು

ಲಕ್ಷ್ಮೇಶ್ವರ
೧೪ ನವೆಂಬರ್ ೨೦೨೪

ಪ್ರೀತಿಯ ಶಾಂಭವಿ,

ಬೈಯುತ್ತಿರುತ್ತೀ, ಬೈದುಕೋ. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಕೂಸು ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ, ಎದ್ದರೆ ಕೈಗೆ ಬಿಡುವಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ನಾನು ಫೋನಿನಲ್ಲಿ ಮಾತಾಡಿದರೆ ಪಡಸಾಲೆಯಲ್ಲಿದ್ದವರೆಲ್ಲ ಉತ್ತರ ಕೊಡುತ್ತಾರೆ.

ಮುಂಡರಗಿಯಲ್ಲಿ ನಿನ್ನ ಅವ್ವ ಆರಾಮವೇ? ನನ್ನ ಕೂಸು ಗುಲ್ನಾಜ ಹಾಲು ಕುಡಿಯುತ್ತಾಳೆ, ತೂಕ ಏರಿದೆ. ನನಗೇ ಯಾಕೋ ಸಮಾಧಾನವಿಲ್ಲ.

ನಮ್ಮ ಕಾಮಿಕ್ಸಿನ ಆರನೇ ಪುಟ ಇನ್ನೂ ನಿನ್ನ ಹತ್ತಿರವೇ ಇದೆಯಲ್ಲ? ನೀನು ಮಾತು ಬರೆದು ಮುಗಿಸಿದ್ದರೂ ಅಚ್ಚಿಗೆ ಕಳಿಸಬೇಡ. ಚಿತ್ರದಲ್ಲಿ ನನ್ನದೊಂದು ತಪ್ಪಾಗಿದೆ.

ಗುಲ್ನಾಜಳನ್ನೇ ನೋಡಿ ಕಥೆಯ ಕೂಸನ್ನು ಬರೆಯುತ್ತಿದ್ದೇನೆಂದು ಗೊತ್ತಾದಾಗ ಅತ್ತೆ ಶಮಶಾದಬಿ ತಕರಾರು ತೆಗೆದಿದ್ದರು. "ಊರಮಂದಿ ನೋಡೋ ಪುಸ್ತಕದಾಗ ನನ್ನ ಮೊಮ್ಮಗಳ ಮಾರಿ? ನಜರ ಆಗತೈತಿ, ದೃಷ್ಟಿ ತಾಗತೈತಿ." ನಾನು ಅತ್ತುಬಿಟ್ಟೆ. ಆಮೇಲೆ ಅವರೇ ಮೆತ್ತಗಾದರು: "ಚಿತ್ರಾ ತೆಗಿಯವಾ, ಬ್ಯಾಡ ಅನ್ನಂಗಿಲ್ಲ. ಆದ್ರ ಖರೆ ಕೂಸಿಗೆ ಹಚ್ಚಿದಂಗ ಚಿತ್ರದ ಕೂಸಿಗೂ ಗಲ್ಲಕ್ಕ ಕಾಡಿಗಿ ಬೊಟ್ಟ ಇಡು. ಒಂದರಾಗೂ ಬಿಡಬ್ಯಾಡ."

ಅಂದಿನಿಂದ ಪ್ರತಿ ಚೌಕದಲ್ಲೂ ಬೊಟ್ಟು. ಅವರೇ ಕನ್ನಡಕ ಹಾಕಿಕೊಂಡು ತಪಾಸಣೆ ಮಾಡುತ್ತಾರೆ. ನೀನು ಕೂಸಿನ ಬಾಯಿಗೆ ಹಾಕಿದ್ದೆಯಲ್ಲ, "ಮೂಗು ಅಪ್ಪಂದು ಅಂತಾರ, ಅಪ್ಪಗ ಮೂಗೆಲ್ಲಿ ಐತಿ?" ಅಂತ, ಅದನ್ನು ಓದಿ ಹೇಳಿದಾಗ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. "ಯಾರಾಕಿ ಇಕಿ? ನಮ್ಮ ನವಾಜನ್ನ ನೋಡ್ಯಾಳೇನ?" ನನ್ನ ಗಂಡ ಮೂಗು ಮುಟ್ಟಿಕೊಂಡು ಎದ್ದು ಹೋದರು.

ಆರನೇ ಪುಟ ಮಾತ್ರ, ಅತ್ತೆ ಬೆಳ್ಳಟ್ಟಿಗೆ ಹೋಗಿದ್ದಾಗ ಅವಸರದಲ್ಲಿ ಮುಗಿಸಿ ನಿನಗೆ ಕಳಿಸಿದೆ. ಕೂಸು ಅವ್ವನ ಮುಖ ನೋಡಿ ನಗುತ್ತದಲ್ಲ, ಆ ಕೊನೆಯ ಚೌಕದಲ್ಲಿ ಬೊಟ್ಟಿಲ್ಲ. ನೆನಪಾದಾಗಿನಿಂದ ಅದೇ ಚಿಂತೆ.

ಬಿ.ಎಸ್ಸಿ. ಓದಿದವಳು ಹೀಗೆ ಬರೆಯುತ್ತಾಳೆಯೇ ಎನ್ನಬೇಡ. ನನಗೆ ನಾನೇ ಅದನ್ನು ಹೇಳಿಕೊಂಡೆ. ಹೇಳಿಕೊಂಡರೂ ಈ ಪತ್ರ ಬರೆಯಲು ಕುಳಿತೆ. ನಿನ್ನ ಕಪ್ಪು ಮಸಿಯಿಂದ ಗಲ್ಲಕ್ಕೊಂದು ಚುಕ್ಕೆ ಇಟ್ಟುಬಿಡು. ಪುಟ ಕೆಟ್ಟರೆ ಮತ್ತೆ ಬರೆದುಕೊಡುತ್ತೇನೆ. ಇಲ್ಲ, ಅದನ್ನು ಮತ್ತೆ ಬರೆಯಲಾರೆ. ಹುಷಾರಿಯಿಂದ ಇಡು.

ಅವ್ವನಿಗೆ ನನ್ನ ನಮಸ್ಕಾರ. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ
ಸಾಯಿಮಾ

ತಾ.ಕ.: ಮಡಚಿದ ಪತ್ರವನ್ನು ಮತ್ತೆ ಬಿಚ್ಚಿದ್ದೇನೆ. ಆ ಕೊನೆಯ ಚೌಕ ಕೂಸನ್ನು ನೋಡಿ ಬರೆದದ್ದಲ್ಲ, ಶಾಂಭವಿ. ಗುಲ್ನಾಜ ನನ್ನ ಮುಖ ನೋಡಲಿ ಎಂದು ಪೆನ್ಸಿಲ್ ಹಿಡಿದು ದಿನಗಟ್ಟಲೆ ಕಾದೆ. ನೋಡಲಿಲ್ಲ. ನಾಲ್ಕು ತಿಂಗಳು ತುಂಬಿದವು, ಒಮ್ಮೆಯೂ ನೋಡಿಲ್ಲ. ಕಡೆಗೆ ಮನಸ್ಸಿನಿಂದಲೇ ಬರೆದೆ. ಅತ್ತೆ ಬಳೆ ಸಪ್ಪಳ ಮಾಡಿದರೆ ತಿರುಗುತ್ತಾಳೆ. "ದಾದಿಮಾನ ಗುರ್ತ ಹಿಡದ್ಲು ನೋಡ!" ಎಂದು ಅವರು ಅಜ್ಜಿಯ ಹೆಮ್ಮೆಯಿಂದ ಹಿಗ್ಗುತ್ತಾರೆ. ನಾನು ಬಳೆ ತೆಗೆದಿಟ್ಟು, ಸುಮ್ಮನೆ ಅವಳೆದುರು ಬಗ್ಗಿ ನಿಂತರೆ, ಅವಳ ಪಾಲಿಗೆ ಅಲ್ಲಿ ಯಾರೂ ಇಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ದೂರು ಮೊದಲು ನನ್ನ ಚಿತ್ರದ ಮೇಲೆಯೇ ಬರುತ್ತದೆ. ಮುಂದಿನ ಸೋಮವಾರ, ೨೫ಕ್ಕೆ, ಲಸಿಕೆಯ ನೆಪ ಮಾಡಿ ಗದಗಿಗೆ, ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದೇನೆ. ನೀನು ಅಲ್ಲಿಯ ಬಸ್ ಸ್ಟ್ಯಾಂಡಿಗೆ ಬಾ. ಕೂಸಿನ ಕಣ್ಣು ನೋಡಿದ ಮೇಲೆ ಡಾಕ್ಟರು ಹೇಳುವುದನ್ನು ನೀನು ಒಳಗೆ ಕುಳಿತು ಕೇಳಿಸಿಕೋ. ನಾನು ಕೂಸನ್ನೆತ್ತಿಕೊಂಡು ಹೊರಗೆ ನಿಂತಿರುತ್ತೇನೆ.