ಟ್ರೇಲರ್ ಹತ್ತಿದ ತೊಂಬತ್ತೆರಡು ಮಂದಿ

ಗುರುವಾರ, ಹದಿನಾರನೇ ತಾರೀಕು.

ನಮ್ಮ ಮತಗಟ್ಟೆಯ ಎಣಿಕೆ ಗೊತ್ತಾಯಿತು. ಊರಿನ ಬಸ್ಸು ವಾಪಸ್ ತರಿಸುತ್ತೇನೆಂದು ಚುನಾವಣೆಗೆ ನಿಂತ ಮೇಷ್ಟ್ರಿಗೆ ಹತ್ತೊಂಬತ್ತು ಓಟು. ಅಧಿಕಾರದಲ್ಲಿದ್ದು ಬಸ್ಸು ನಿಲ್ಲಿಸಿದ ಮಹಾಶಯನಿಗೆ ಇನ್ನೂರ ಆರು.

ಮೂವತ್ತೊಂದು ವರ್ಷ ಆ ಬಸ್ಸು ಓಡಿಸಿದವನು ನಾನು. ಈಗ ಮತಗಟ್ಟೆಗೂ ಐದು ಮೈಲಿ ನಡೆಯಬೇಕಲ್ಲ ಎಂದು ಓಟಿನ ದಿನ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ನಾಲ್ಕು ಸಲ ಜನರನ್ನು ಹೊತ್ತೊಯ್ದೆ. ಹತ್ತುವಾಗ ತಲೆ ಎಣಿಸಿದ್ದೆ, ಹಳೇ ಚಾಳಿ. ತೊಂಬತ್ತೆರಡು. ದಾರಿಯುದ್ದಕ್ಕೂ ಆ ಮಹಾಶಯನನ್ನು ಬೈದುಕೊಂಡೇ ಬಂದರು. ನಾನು ಖುಷಿಯಾಗಿ ಗೇರು ಹಾಕಿದೆ, ಕತ್ತೆ.

ಇವತ್ತು ಸಂಜೆ, ಅವತ್ತು ಟ್ರೇಲರ್ ಹತ್ತಿದ್ದ ದರ್ಜಿಯನ್ನು ಹಿಡಿದು ಕೇಳಿದರೆ ಹಲ್ಲು ಕಿರಿದ. "ಯಾರಿಗೆ ಅಂತ ನೀವು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ. ಸವಾರಿ ಮಾತ್ರ ಚೆನ್ನಾಗಿತ್ತು, ಯಜಮಾನ್ರೇ."

ಅವನು ಹಾಳಾಗಿ ಹೋಗಲಿ. ತಂಗಿಯ ಮನೆಗೆ ಹೋದೆ. ವಾರಕ್ಕೆರಡು ಸಲ ಪೇಟೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗುವವಳು. ಅವಳು ಕೂರಲೆಂದು ಟ್ರೇಲರಿನಲ್ಲಿ ದಿಂಬು ಹಾಕಿದ್ದೆ.

"ನೀನೂ ಅವನಿಗೇ ಹಾಕಿದೆಯೇನೇ?"

"ಹೂಂ ಕಣಣ್ಣ. ಹೇಗೂ ಅವನೇ ಗೆಲ್ತಾನೆ ಅಂದ್ರು. ನಾಳೆ ಬಸ್ಸು ಬಿಡಪ್ಪಾ ಅಂತ ಅವನನ್ನೇ ಕೇಳ್ಬೇಕಲ್ಲ. ಮೇಷ್ಟ್ರಿಗೆ ಹಾಕಿ ಯಾವ ಮುಖ ಇಟ್ಕೊಂಡು ಕೇಳ್ಲಿ?"

ಎದ್ದು ಮನೆಗೆ ಬಂದೆ. ಊರಿನವರು ಮಾಡಿದ್ದು ಮೋಸ ಎಂದು ಬರೆದುಬಿಡಬಹುದು. ಇವಳದ್ದನ್ನು ಏನೆಂದು ಬರೆಯಲಿ? ಮೋಸವೇ. ಅಣ್ಣನನ್ನು ಒಂದು ಮಾತು ಕೇಳಬಹುದಿತ್ತು.

ನಾಳೆ ಅವಳ ಆಸ್ಪತ್ರೆಯ ದಿನ. ಏಳಕ್ಕೆ ಹೊರಡಬೇಕು. ಕರೆದುಕೊಂಡು ಹೋಗುತ್ತೇನೆ, ಆದರೆ ದಾರಿಯಲ್ಲಿ ಒಂದು ಮಾತೂ ಆಡುವುದಿಲ್ಲ, ಅವಳು ಅತ್ತರೂ ಸರಿ.