ಬೆಕ್ಕಿನ ಕಾರ್ಡು

ಜುಲೈ 4, ಸಂಜೆ 5.30

ಇವತ್ತು ನಲವತ್ತೊಂದು ಮಕ್ಕಳು. ಗಂಟಲು ಒಣಗಿ ಹೋಗಿದೆ. ಶಾಲೆ ಶಾಲೆ ಸುತ್ತಿ ಮಕ್ಕಳ ಓದು ಪರೀಕ್ಷಿಸುವ ನಮಗೆ ಸ್ಟಾಫ್ ರೂಮಿನ ಮೂಲೆಯೇ ಆಫೀಸು — ಒಂದು ಮೇಜು, ಕಾಲು ಅಲ್ಲಾಡುವ ಎರಡು ಕುರ್ಚಿ, ಸ್ಟಾಪ್‌ವಾಚು, ಓದುವ ಕಾರ್ಡು. ಮಗು ಕಾರ್ಡು ಓದಬೇಕು, ನಾವು ತಪ್ಪು ಎಣಿಸಬೇಕು. ಟೀಚರು ತುಂಬಿದ ಫಾರ್ಮು ಬೇರೆ: ಮಾತು ಕೇಳುತ್ತದೆಯೇ, ಎದ್ದು ಓಡುತ್ತದೆಯೇ, ಹೊಡೆಯುತ್ತದೆಯೇ. ಗಲಾಟೆಯೂ ಇದೆ, ಓದೂ ಬಾರದು ಎಂದರೆ ‘ಕಲಿಕೆ’ ಕಾಲಂ. ಪಾಠ ಹೇಳಲು ಸ್ಪೆಷಲ್ ಟೀಚರ್ ಬರುತ್ತಾರೆ. ಓದು ಚೆನ್ನಾಗಿದೆ, ಆದರೂ ಗಲಾಟೆ ಎಂದರೆ ‘ನಡತೆ’ ಕಾಲಂ. ಬೇರೆ ಬೆಂಚು, ಮನೆಗೆ ಪತ್ರ.

ನಾನು ಸೇರಿ ನಾಲ್ಕು ವರ್ಷ. ಅಂದಿನಿಂದ ಅದೇ ಕಾರ್ಡು, ಅದೇ ಸಾಲುಗಳು: ಬೆಕ್ಕು ಗೋಡೆಯ ಮೇಲೆ ಕೂತಿದೆ. ಅದರ ಬಾಲ ಮಾತ್ರ ಅಲ್ಲಾಡುತ್ತಿದೆ... ಹಾಳು ಬೆಕ್ಕು, ಒಮ್ಮೆಯೂ ಕೆಳಗಿಳಿದಿಲ್ಲ. ಹೊಸ ಕಾರ್ಡು ಕೇಳಿ ಕೇಳಿ ಸಾಕಾಯಿತು.

ನಾಳೆ ನನ್ನ ಮಗಳು ಗುಬ್ಬಿಯ ಶಾಲೆ. ಸ್ವಂತ ಮಗಳನ್ನು ನಾನು ಟೆಸ್ಟ್ ಮಾಡುವ ಹಾಗಿಲ್ಲ. ನನ್ನ ಜೊತೆ ಕೆಲಸ ಮಾಡುವವಳು ನೋಡುತ್ತಾಳೆ.

ಜುಲೈ 5

“ನಿನ್ನ ಮಗಳು ನೀರು ಕುಡಿದ ಹಾಗೆ ಓದಿದ್ಲು ಕಣೇ. ಒಂದೂ ತಪ್ಪಿಲ್ಲ,” ಎಂದಳು ಜೊತೆಯವಳು. ಹಿಗ್ಗಿ ಹೋದೆ. ಹತ್ತು ನಿಮಿಷ ಅಷ್ಟೇ. ಆಮೇಲೆ ಟೀಚರಮ್ಮನ ಫಾರ್ಮು ಬಂತು. ಗಲಾಟೆಯ ಅಂಕ ಇಪ್ಪತ್ತು ದಾಟಿದರೆ ಕೆಂಪು ಗುರುತು. ಗುಬ್ಬಿಗೆ ಮೂವತ್ತೆಂಟು.

“ಓದು ಅಂದ್ರೆ ಪುಸ್ತಕ ಎಸೀತಾಳೆ ಮೇಡಂ. ಮೊನ್ನೆ ಪಕ್ಕದ ಹುಡುಗಿ ಕೈ ಕಚ್ಚಿದ್ಲು. ಓದೋಕೇ ಬರಲ್ವೇನೋ ಪಾಪ ಅಂದ್ಕೊಂಡಿದ್ದೆ. ಬರುತ್ತೆ ಅಂತ ಈಗ ಗೊತ್ತಾಯ್ತಲ್ಲ.”

ನಡತೆ ಕಾಲಂ. ಎರಡು ಸಹಿ ಹಾಕಿದೆ — ತಾಯಿ ಎಂದು ಒಂದು, ಸಿಬ್ಬಂದಿ ಎಂದು ಒಂದು. ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು.

ಜುಲೈ 9, ಭಾನುವಾರ

ಇಷ್ಟು ದಿನ ಮನೆಯಲ್ಲಿ ಓದಿಸುವುದು ಇವರ ಪಾಲಾಗಿತ್ತು. ಇವರು ಓದಿ ಹೇಳುವುದು, ಅವಳು ಒಪ್ಪಿಸುವುದು. ಇವತ್ತು ನಾನೇ ಕೂತೆ. ಪುಸ್ತಕ ತೆಗೆದ ಕೂಡಲೇ ಹೊಟ್ಟೆನೋವು. ಆಮೇಲೆ ಬಾಯಾರಿಕೆ. ಆಮೇಲೆ ಬಾತ್‌ರೂಮು.

“ಟೆಸ್ಟಲ್ಲಿ ಪಟಪಟ ಓದಿದವಳಿಗೆ ಈಗೇನು ಬಂತು? ಬೇಕು ಬೇಕಂತ ಮಾಡ್ತೀಯಾ?”

ಪುಟ ಹರಿದಳು. ನನ್ನ ಕಣ್ಣೆದುರಿಗೇ, ನಿಧಾನವಾಗಿ. “ಬಿಡೇ, ಚಿಕ್ಕದು,” ಎಂದರು ಇವರು. ನಾನು ಬಿಡಲಿಲ್ಲ.

ಸ್ಕೇಲು ಮುರಿಯಿತು. ಹಳೆಯ ಪ್ಲಾಸ್ಟಿಕ್ಕು. ಅದಕ್ಕೇ ಮುರಿದದ್ದು.

ಊರ ತಾಯಂದಿರಿಗೆಲ್ಲ “ಹೊಡೀಬೇಡಿ ಅಮ್ಮಾ” ಎಂದು ಬುದ್ಧಿ ಹೇಳುವ ಕೆಲಸ ನನ್ನದು.

ಜುಲೈ 21

ಶಾಲೆಗೆ ಹೋಗಿದ್ದೆ. ಬಾಗಿಲ ಪಕ್ಕ ಒಂಟಿ ಬೆಂಚು, ಮುಖ ಗೋಡೆಗೆ. ತಿರುಗಿ ನನ್ನನ್ನು ನೋಡಿದಳು. ಅಮ್ಮ ಎನ್ನಲಿಲ್ಲ.

ಆಗಸ್ಟ್ 26, ಮಧ್ಯಾಹ್ನ 3

ಬರೆದೇ ಬಿಡುತ್ತೇನೆ.

ಗುಬ್ಬಿ ದಿಂಬುಗಳನ್ನು ಗೋಡೆಗೆ ಸಾಲಾಗಿ ಕೂರಿಸಿದ್ದಳು. ಅವು ಮಕ್ಕಳು. ಅವಳು ನಾನಾಗಿದ್ದಳು. ನನ್ನ ಬ್ಯಾಗಿನಿಂದ ಕಾರ್ಡು ತೆಗೆದು ಹಿಡಿದು ಓದುತ್ತಿದ್ದಳು, ಸಾಲಿಗೆ ಸಾಲು, ಎಲ್ಲೂ ತಡೆಯದೆ. ಕೊನೆಗೆ, “ಸಾಕು ಪುಟ್ಟಾ, ಚೆನ್ನಾಗಿ ಓದ್ದೆ.” ಆ ಕೊನೆಯ ಸಾಲು ಕಾರ್ಡಿನಲ್ಲಿ ಇಲ್ಲ. ಅದು ನಾನು ಹೇಳುವುದು. ನನ್ನದೇ ರಾಗ.

ಕಾರ್ಡು ತಲೆಕೆಳಗಾಗಿತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳನ್ನೇ ಎದುರು ಕೂರಿಸಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದೆ. ಆಗ ಅವಳಿಗೆ ನಾಲ್ಕು. ನಾನು ಓದುವುದು, ಅವಳು ಹಿಂದೆಯೇ ಹೇಳುವುದು. “ಅಮ್ಮಾ, ಬೆಕ್ಕಿನ ಆಟ ಆಡೋಣ” ಎಂದು ದಿನಾ ಸೆರಗು ಹಿಡಿದು ಎಳೆಯುತ್ತಿದ್ದಳು. ಎಷ್ಟು ಸಲ ಆಡಿದ್ದೇವೋ ಲೆಕ್ಕವಿಲ್ಲ.

ಒಂದು ಚೀಟಿಯಲ್ಲಿ ಬರೆದು ಕೊಟ್ಟೆ: ನಾಯಿ ಬಾಗಿಲ ಬಳಿ ಮಲಗಿದೆ. ನೋಡಿದಳು. ಬಿಡಿ ಅಕ್ಷರ ಎರಡೋ ಮೂರೋ ಗುರುತು ಹಿಡಿದಳು. ಕೂಡಿಸಲು ಆಗಲಿಲ್ಲ. ಆಮೇಲೆ ಎರಡೂ ಕೈ ಬೆನ್ನಿಗೆ ಅಡ್ಡ ಇಟ್ಟುಕೊಂಡು ನಿಂತಳು, ನಾನು ಏನೂ ಹೇಳುವ ಮೊದಲೇ.

ನನ್ನ ಮಗಳಿಗೆ ಓದಲು ಬರುವುದಿಲ್ಲ. ಅದಕ್ಕೆ ಹೊಡೆದಿದ್ದೇನೆ.

ಆಗಸ್ಟ್ 28

ನಮ್ಮ ಆಫೀಸಿನ ಸಾಹೇಬರಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

“ಪಟ್ಟಿ ಮೇಲಿನ ಆಫೀಸಿಗೆ ಹೋಗಿದೆ ಕಣಮ್ಮ. ಕಾಲಂ ಬದಲಾಯಿಸ್ಬೇಕಂದ್ರೆ ಮತ್ತೆ ಟೆಸ್ಟ್ ಆಗ್ಬೇಕು.”

“ಮಾಡಿ ಸಾರ್. ಬೇರೆ ಕಾರ್ಡು ಕೊಡಿ.”

“ಬೇರೆ ಎಲ್ಲಿದೆ? ಇರೋದು ಅದೊಂದೇ. ನೀವು ಚೀಟೀಲಿ ಬರೆದ ನಾಯಿ ಗೀಯಿ ಲೆಕ್ಕಕ್ಕೆ ಬರಲ್ಲ.”

ಸೆಪ್ಟೆಂಬರ್ 6, ಬೆಳಿಗ್ಗೆ 7

ಇವತ್ತು ಮರುಪರೀಕ್ಷೆ. ತಲೆ ಬಾಚುತ್ತಾ ಹೇಳಿದೆ, “ಇವತ್ತು ಬೆಕ್ಕಿನ ಆಟ ಬೇಡ ಪುಟ್ಟಾ. ಓದೋಕೆ ಬರಲ್ಲ ಅಂತ ಹೇಳ್ಬಿಡು.”

“ಬರಲ್ಲ ಅಂದ್ರೆ ಹೊಡೀತೀಯಲ್ಲ?”

“ಹೊಡೆಯಲ್ಲ. ಆಣೆಗೂ ಹೊಡೆಯಲ್ಲ.”

ಕನ್ನಡಿಯಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದಳು. ಕೈಯಲ್ಲಿ ಬಾಚಣಿಗೆ ಇತ್ತು.

ಸಂಜೆ

ಒಂದೂ ತಪ್ಪಿಲ್ಲ. ಹೋದ ಸಲಕ್ಕಿಂತ ನಾಲ್ಕು ಸೆಕೆಂಡು ಬೇಗ.

“ನೀನು ಹೇಳಿದ್ದು ನಂಬ್ತೀನಿ ಕಣೇ,” ಎಂದಳು ಜೊತೆಯವಳು. ಮುಖ ಕೊಟ್ಟು ಮಾತಾಡಲಿಲ್ಲ. “ಸಾಹೇಬ್ರು ಪಕ್ಕದಲ್ಲೇ ಕೂತಿದ್ರು. ಏನ್ ಬರೀಲಿ ಹೇಳು?”

ನಡತೆ. ಇನ್ನು ಟೆಸ್ಟ್ ಮುಂದಿನ ವರ್ಷವೇ. ಅಲ್ಲಿಯವರೆಗೆ ಗೋಡೆ.

ಸೆಪ್ಟೆಂಬರ್ 10, ಭಾನುವಾರ, ಬೆಳಿಗ್ಗೆ

ಮೂರು ದಿನದಿಂದ ನಾನೇ ಅಕ್ಷರ ಕಲಿಸಲು ನೋಡುತ್ತಿದ್ದೇನೆ. ಸ್ಲೇಟು ಕಂಡರೆ ಸಾಕು, ಕೈ ಬೆನ್ನಿಗೆ ಹೋಗುತ್ತದೆ. ಸ್ಪೆಷಲ್ ಟೀಚರ್ ಆಗಿದ್ದರೆ ಹೆದರುತ್ತಿರಲಿಲ್ಲವೇನೋ. ಹೆದರುವುದು ಅಕ್ಷರಕ್ಕಲ್ಲ, ನನಗೆ.

ಈಗ ತಾನೇ ಅಡುಗೆಮನೆಯ ಮೇಜಿನ ಬಳಿ ಬರೆಯುತ್ತಾ ಕೂತಿದ್ದಾಗ ತಾನಾಗಿಯೇ ಬಂದು ಒರಗಿಕೊಂಡಳು. ಎಷ್ಟು ದಿನವಾಗಿತ್ತು ಹಾಗೆ ಒರಗಿ.

“ಏನ್ ಬರೀತಿದ್ಯಾ ಅಮ್ಮಾ?”

“ನಿನ್ನ ಬಗ್ಗೆ.”

“ನಾನ್ ಓದ್ಲಾ?”

ಬೇಡ ಎನ್ನುವಷ್ಟರಲ್ಲಿ ಪುಸ್ತಕ ಎಳೆದುಕೊಂಡು ಪುಟ ತಿರುಗಿಸಿದಳು. ತೆರೆದದ್ದು ಜುಲೈ ಒಂಬತ್ತು, ಸ್ಕೇಲಿನ ಪುಟ. ಸಾಲಿನ ಕೆಳಗೆ ಬೆರಳಿಟ್ಟಳು. ನಾನು ಕಲಿಸಿದ ಹಾಗೆಯೇ.

ಬೆಕ್ಕು ಗೋಡೆಯ ಮೇಲೆ ಕೂತಿದೆ, ಅಂದಳು. ಅದರ ಬಾಲ ಮಾತ್ರ ಅಲ್ಲಾಡುತ್ತಿದೆ, ಅಂದಳು. ಬೆರಳು ‘ಮುರಿಯಿತು’ ಎಂಬಲ್ಲಿತ್ತು. ಕೊನೆಯವರೆಗೂ ಹೇಳಿದಳು. ಆಮೇಲೆ ತಲೆಯೆತ್ತಿ, ನಾನು ಹೇಳಬೇಕಾದ ಮಾತಿಗೆ ಕಾದಳು. ನಗುತ್ತಿದ್ದಳು.

ಸಾಕು ಪುಟ್ಟಾ, ಅಂದೆ. ಚೆನ್ನಾಗಿ...